ಯಾವುದರಿಂದ ಯಾವುದಕ್ಕೆ ಅಂತರ?

ಸೌತೆಬೀಜದ ಪೊಟ್ಟಣ ತಿರುಗಿಸಿದರೆ ಹಿಂಬದಿಯಲ್ಲಿ ‘ಅಂತರ’ ಎಂದು ಬರೆದು ಮುಂದೆ ಒಂದು ಸಂಖ್ಯೆ ಇರುತ್ತದೆ. ಒಂದು ಪೊಟ್ಟಣದಲ್ಲಿ 30 ಸೆಂ.ಮೀ., ಇನ್ನೊಂದರಲ್ಲಿ 45, ಮತ್ತೊಂದರಲ್ಲಿ 60. ಕೃಷಿ ವಿಶ್ವವಿದ್ಯಾಲಯದ ಕೈಪಿಡಿ ತೆರೆದರೆ ಅಲ್ಲಿ ಲೆಕ್ಕ ಮೀಟರಿನಲ್ಲಿ. ಯೂಟ್ಯೂಬಿನಲ್ಲಿ ಯಾರೋ ಒಂದೇ ಗ್ರೋ ಬ್ಯಾಗಿನಲ್ಲಿ ನಾಲ್ಕು ಬಳ್ಳಿ ಹಬ್ಬಿಸಿ, ಬುಟ್ಟಿ ತುಂಬ ಕಾಯಿ ಹಿಡಿದು ನಿಂತಿರುತ್ತಾರೆ. ಇವುಗಳಲ್ಲಿ ಯಾವುದನ್ನೂ ಸುಳ್ಳೆನ್ನುವ ಹಾಗಿಲ್ಲ. ಒಂದೊಂದು ಸಂಖ್ಯೆಯೂ ಒಂದೊಂದು ಬಗೆಯ ಬೇಸಾಯಕ್ಕೆ ಸೇರಿದ್ದು. ಪೊಟ್ಟಣದ ಮೇಲೆ ಅಚ್ಚಾಗುವ ಹೊತ್ತಿಗೆ ಆ ಬೇಸಾಯ ಕಳಚಿಹೋಗಿ ಸಂಖ್ಯೆ ಮಾತ್ರ ಉಳಿದಿರುತ್ತದೆ.

ಮುಂದಿನ ಕತೆ ಮುಂಬಯಿಯ ಬಾಲ್ಕನಿಯಲ್ಲೂ ಹೈದರಾಬಾದಿನ ತಾರಸಿಯಲ್ಲೂ ಒಂದೇ. ಒಂದು ಚೀಲಕ್ಕೆ ಆರು ಬೀಜ ಹಾಕುತ್ತಾರೆ. ಬೆಚ್ಚಗಿನ ಮಣ್ಣಿನಲ್ಲಿ ಸೌತೆ ಮೊಳೆಯುವುದಕ್ಕೆ ಮೂರು ನಾಲ್ಕು ದಿನ ಸಾಕು, ಆರಕ್ಕೆ ಐದಾದರೂ ಎದ್ದು ನಿಲ್ಲುತ್ತವೆ. ಅಷ್ಟು ಚೆಂದದ ಸಸಿಯನ್ನು ಕೀಳಲು ಮನಸ್ಸು ಬರುವುದಿಲ್ಲ. ನಾಲ್ಕನೆಯ ವಾರಕ್ಕೆ ಹಸಿರು ಗೋಡೆಯಂತೆ ಎಲೆ ತುಂಬಿಕೊಳ್ಳುತ್ತದೆ, ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಆರನೆಯ ವಾರಕ್ಕೆ ಕೆಳಗಿನ ಎಲೆ ಹಳದಿ, ಮೇಲಿನದಕ್ಕೆ ಬಿಳಿ ಬೂದಿ. ಹೂವೆಲ್ಲ ಉದುರಿ, ಕಚ್ಚಿದ ಒಂದೆರಡು ಕಾಯಿ ಸೊಟ್ಟ. ಕೊಯ್ದು ಬಾಯಿಗಿಟ್ಟರೆ ಕಹಿ. ‘ನಮ್ಮ ಕೈಗುಣವೇ ಇಷ್ಟು’ ಎಂದು ಚೀಲ ಮಡಚಿ ಮೂಲೆಗೆ ಸೇರಿಸುತ್ತಾರೆ. ಪಾಪ, ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಒಬ್ಬರ ಊಟವನ್ನು ಐದು ಜನಕ್ಕೆ ಬಡಿಸಿದರೆ ಅಡುಗೆಯವರ ಕೈಯನ್ನು ದೂರುವುದು ಹೇಗೆ?

ಕನ್ನಡದ ಕೃಷಿ ಬರಹಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ಅಲ್ಲಿ ಅಂತರವನ್ನು ಬರಿ ಅಂಕಿಯಾಗಿ ಬರೆಯುವುದು ಕಡಿಮೆ. ‘ಸಾಲಿನಿಂದ ಸಾಲಿಗೆ’, ‘ಗಿಡದಿಂದ ಗಿಡಕ್ಕೆ’, ‘ಗುಣಿಯಿಂದ ಗುಣಿಗೆ’ ಎಂದು ಎರಡು ತುದಿಯನ್ನೂ ಹೇಳಿಯೇ ಸಂಖ್ಯೆ ಕೊಡುತ್ತಾರೆ. ವ್ಯಾಕರಣದ ಕಣ್ಣಿಗೆ ಇದು ಎರಡು ವಿಭಕ್ತಿ ಪ್ರತ್ಯಯಗಳ ಮಾತು, ಬೆಳೆಯುವವರಿಗೆ ಇದೇ ಇಡೀ ಬೇಸಾಯ. ‘ಗುಣಿಯಿಂದ ಗುಣಿಗೆ’ ಎಂದರೆ ಒಂದು ಗುಣಿಯಲ್ಲಿ ಎರಡು ಮೂರು ಬಳ್ಳಿ ಇರುತ್ತವೆ, ಅವು ನೆಲದ ಮೇಲೆ ನಾಲ್ಕೂ ದಿಕ್ಕಿಗೆ ಹರಿಯುತ್ತವೆ ಎಂಬುದು ಅದರೊಳಗೇ ಇದೆ. ‘ಗಿಡದಿಂದ ಗಿಡಕ್ಕೆ’ ಎಂದರೆ ಸಾಲಿನಲ್ಲಿ ಒಂಟಿ ಬಳ್ಳಿ, ಬಹುಶಃ ಆಸರೆಗೆ ಕಟ್ಟಿದ್ದು. ಈಗ ಆನ್‌ಲೈನಿನಲ್ಲಿ ಮಾರುವ ಪೊಟ್ಟಣಗಳ ಮೇಲೆ ಇಂಗ್ಲಿಷಿನಿಂದ ಅವಸರದಲ್ಲಿ ಇಳಿಸಿದ ‘ಅಂತರ: 45 ಸೆಂ.ಮೀ.’ ಎಂಬ ಸಾಲಿನಲ್ಲಿ ಆ ‘ಇಂದ’ವೂ ಇಲ್ಲ, ‘ಗೆ’ಯೂ ಇಲ್ಲ.

ಅಮೆರಿಕದ ತೋಟಗಾರಿಕೆ ಪುಸ್ತಕಗಳಲ್ಲಿ ಸೌತೆಯನ್ನು ‘ಹಿಲ್’ಗಳಲ್ಲಿ ಬಿತ್ತಿ ಎಂದಿರುತ್ತದೆ. ಅದನ್ನು ಗುಡ್ಡ, ದಿಬ್ಬ ಎಂದು ಅನುವಾದಿಸಿದರೆ ಓದಿದವರು ಕುಂಡದ ನಡುವೆ ಮಣ್ಣಿನ ಗೋಪುರ ಕಟ್ಟಿ, ಹಾಕಿದ ನೀರೆಲ್ಲ ಪಕ್ಕಕ್ಕೆ ಹರಿದುಹೋಗುವುದನ್ನು ನೋಡುತ್ತ ಕೂರಬೇಕು. ಅಲ್ಲಿ ಆ ಪದಕ್ಕೆ ಒಂದೆಡೆ ಗುಂಪಾಗಿ ಬಿತ್ತಿದ ಮೂರು ನಾಲ್ಕು ಬೀಜ ಎಂಬ ಅರ್ಥವೂ ಇದೆ. ಮಣ್ಣು ಏರಿಸುವುದು ನೀರು ನಿಲ್ಲುವ ನೆಲದಲ್ಲಿ ಮಾತ್ರ. ನಮ್ಮ ‘ಗುಣಿ’ ಅದಕ್ಕೆ ತೀರ ಹತ್ತಿರದ ಮಾತು, ಆಕಾರ ತಲೆಕೆಳಗು ಅಷ್ಟೆ: ಅವರದು ಉಬ್ಬು, ನಮ್ಮದು ತಗ್ಗು.

ಗುಣಿಯ ಲೆಕ್ಕಕ್ಕೆ ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸನ್ನು ತೆಗೆದುಕೊಳ್ಳಬಹುದು. ಗುಣಿಯಿಂದ ಗುಣಿಗೆ 2 ಮೀಟರು ಮತ್ತು ಒಂದೂವರೆ ಮೀಟರು. ಗುಣಿಯ ಅಗಲ 60 ಸೆಂ.ಮೀ. ಒಂದಕ್ಕೆ ನಾಲ್ಕೈದು ಬೀಜ ಹಾಕಿ, ಎರಡು ವಾರದ ನಂತರ ಸೊರಗಿದ್ದನ್ನು ಕಿತ್ತು ಮೂರು ಬಳ್ಳಿ ಉಳಿಸಬೇಕು. ಗುಣಿಸಿದರೆ ಒಂದು ಗುಣಿಗೆ 3 ಚದರ ಮೀಟರು ನೆಲ, ಅಂದರೆ ಒಂದು ಬಳ್ಳಿಗೆ ಒಂದು ಚದರ ಮೀಟರು. ಗುಣಿಯೊಳಗೆ ಬಳ್ಳಿಗಳು ಗೇಣಿಗಿಂತ ಹತ್ತಿರ ಇದ್ದರೂ ಏನೂ ಆಗದಿರುವುದಕ್ಕೆ ಕಾರಣ ಅದು. ಬುಡ ಒಂದೆಡೆ ಇದ್ದರೂ ಬೇರಿಗೂ ಎಲೆಗೂ ಸುತ್ತ ಒಂದೊಂದು ಮೀಟರಿನ ಸ್ವಂತ ಆಸ್ತಿ ಇದೆ. ಸೌತೆಯ ಬೇರು ಆಳಕ್ಕಿಂತ ಅಗಲಕ್ಕೆ ಹೋಗುವಂಥದ್ದು. ಹೆಚ್ಚಿನದು ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ. ಅದೇ ಮೂರು ಬಳ್ಳಿಯನ್ನು ಅದೇ ಗೇಣಿನ ಅಂತರದಲ್ಲಿ ಚೀಲಕ್ಕೆ ತಂದರೆ ಪಕ್ಕದಲ್ಲಿರುವುದು ಪ್ಲಾಸ್ಟಿಕ್ಕಿನ ಗೋಡೆ.

ಇನ್ನೊಂದು ತುದಿಯಲ್ಲಿ ಪಾಲಿಹೌಸಿನ ಸೌತೆ. ಅಲ್ಲಿ ಗಿಡದಿಂದ ಗಿಡಕ್ಕೆ 30ರಿಂದ 45 ಸೆಂ.ಮೀ. ಇಟ್ಟು ಜೋಡಿಸಾಲು ನೆಡುತ್ತಾರೆ. ಯೂಟ್ಯೂಬಿನ ಬುಟ್ಟಿಯ ಹಿಂದೆಯೂ ಎಷ್ಟೋ ಸಲ ಇದೇ ವಿಧಾನ ಇರುತ್ತದೆ. ಆದರೆ ಆ ಅಂಕಿಯ ಹಿಂದಿನ ಕೆಲಸವನ್ನು ನೋಡಬೇಕು. ಪ್ರತಿ ಬಳ್ಳಿಯನ್ನೂ ಒಂದೇ ಕಾಂಡಕ್ಕೆ ಇಳಿಸಿ ದಾರಕ್ಕೆ ಸುತ್ತುತ್ತಾರೆ, ಪಕ್ಕದ ಕುಡಿಗಳನ್ನು ಚಿವುಟುತ್ತಲೇ ಇರುತ್ತಾರೆ, ಕೆಳಗಿನ ಹಳೆಯ ಎಲೆ ತೆಗೆಯುತ್ತಾರೆ, ಹನಿ ನೀರಾವರಿಯಲ್ಲಿ ನೀರಿನ ಜೊತೆ ಕರಗಿದ ಗೊಬ್ಬರ ಕೊಡುತ್ತಾರೆ. ಕರ್ನಾಟಕದಲ್ಲಿ 1990ರ ದಶಕದಿಂದ ರಫ್ತಿಗೆಂದು ಬೆಳೆಯುತ್ತಿರುವ ಮಿಡಿಸೌತೆಯನ್ನು, ಅಂದರೆ ಗರ್ಕಿನ್ನನ್ನು, ಹೊಲದಲ್ಲಿ ನೋಡಿದವರಿಗೂ ಇದು ಗೊತ್ತು. ಗೂಟ, ತಂತಿ, ದಾರ ಕಟ್ಟಿ ಬಳ್ಳಿ ಏರಿಸಿರುತ್ತಾರೆ, ಬೆರಳುದ್ದದ ಕಾಯಿ ಕೊಯ್ಯಲು ದಿನವೂ ಆಳು ಬೇಕು. ಹತ್ತಿರ ನೆಡುವುದು ಎಂದರೆ ಉಳಿಸಿದ ಜಾಗದ ಬೆಲೆಯನ್ನು ಕೆಲಸದಲ್ಲಿ ಕಟ್ಟುವುದು. ನೆಲದ ಬಾಡಿಗೆ ದುಬಾರಿಯಾದ ಕಡೆ ಕೆಲಸ ಹೆಚ್ಚು, ನೆಲ ಧಾರಾಳವಾಗಿರುವ ಕಡೆ ಕೆಲಸ ಕಡಿಮೆ. ಬಾಲ್ಕನಿಯವರು ಪಾಲಿಹೌಸಿನ ಅಂತರವನ್ನೂ ಹಿತ್ತಿಲಿನ ಕೆಲಸವನ್ನೂ ಒಟ್ಟಿಗೆ ಬಯಸುತ್ತಾರೆ.

ಈ ಗೊಂದಲಕ್ಕೆ ಅಮೆರಿಕದಿಂದ ಬಂದ ಇನ್ನೊಂದು ಕೊಡುಗೆ, ಮೆಲ್ ಬಾರ್ತಲೊಮ್ಯೂ 1981ರಲ್ಲಿ ಪುಸ್ತಕ ಬರೆದು ಜನಪ್ರಿಯಗೊಳಿಸಿದ ಚದರಡಿ ತೋಟಗಾರಿಕೆ. ಮಡಿಯನ್ನು ಒಂದೊಂದು ಚದರಡಿಯ ಚೌಕಗಳಾಗಿ ಭಾಗ ಮಾಡಿ, ಚೌಕಕ್ಕೆ ಇಂತಿಷ್ಟು ಗಿಡ ಎಂದು ಹೇಳುವ ವಿಧಾನ. ಅದರಲ್ಲಿ ಸೌತೆಗೆ ಚೌಕಕ್ಕೆ ಎರಡು. ಈಗ ಎಷ್ಟೋ ಆ್ಯಪ್‌ಗಳು, ಚಾರ್ಟುಗಳು ಈ ‘ಎರಡು’ ಎಂಬುದನ್ನು ಹೊತ್ತು ತಿರುಗುತ್ತಿವೆ. ಬಾರ್ತಲೊಮ್ಯೂ ಹೇಳಿದ್ದನ್ನು ಪೂರ್ತಿ ನೋಡಿದರೆ ಬಳ್ಳಿ ಮಡಿಯ ಅಂಚಿನ ಚೌಕಟ್ಟಿಗೆ ನೆಟ್ಟಗೆ ಹತ್ತಬೇಕು. ಅದರ ಮುಂದಿನ ಚೌಕಗಳಲ್ಲಿ ಮೂಲಂಗಿ, ಸೊಪ್ಪಿನಂಥ ಕುಳ್ಳ ಗಿಡಗಳಿರುತ್ತವೆ. ಮಣ್ಣಿನ ಬದಲು ಅವನದೇ ಸಮಪಾಲಿನ ಕಾಂಪೋಸ್ಟು, ಪೀಟ್, ವರ್ಮಿಕ್ಯುಲೈಟಿನ ಮಿಶ್ರಣ. ಚೌಕಗಳ ನಡುವೆ ಹಾಕಿದ ಗೆರೆ ಮೇಲಿನ ಪಟ್ಟಿಯಷ್ಟೇ, ಮಣ್ಣಿನೊಳಗೆ ಗೋಡೆ ಇಲ್ಲ. ಎಂದರೆ ಸೌತೆಯ ಬೇರು ಮೂಲಂಗಿಯ ಚೌಕಕ್ಕೂ ಹೋಗಿ ಬರುತ್ತದೆ. ಒಂದಡಿ ಅಗಲದ ಚೀಲವೂ ಸರಿಸುಮಾರು ಒಂದು ಚದರಡಿಯೇ ಎಂದು ಎರಡು ಬಳ್ಳಿ ನೆಟ್ಟವರಿಗೆ ಈ ಅತಿಥಿ ಸತ್ಕಾರ ಸಿಗುವುದಿಲ್ಲ.

ಹೆಸರಿನ ಗೊಂದಲ ಬೇರೆಯೇ ಇದೆ. ಊರು ಬಿಟ್ಟು ಊರಿಗೆ ಬಂದ ಕನ್ನಡಿಗರಿಗೆ ಇದು ಇನ್ನಷ್ಟು ತಟ್ಟುತ್ತದೆ. ಮುಂಬಯಿ, ಪುಣೆಯಲ್ಲಿ ‘ಕಾಕಡಿ’ ಎಂದು ಕೇಳಿದರೆ ಸಿಗುವುದು ನಮ್ಮ ಎಳೆಸೌತೆ. ದೆಹಲಿಯಲ್ಲಿ ಅದಕ್ಕೆ ‘ಖೀರಾ’ ಎನ್ನಬೇಕು. ಅಲ್ಲಿ ‘ಕಕ್ಡಿ’ ಎಂದರೆ ಬೇಸಗೆಯಲ್ಲಿ ಗಾಡಿಯ ಮೇಲೆ ಬರುವ ತೆಳ್ಳಗಿನ, ಮೊಳದುದ್ದದ ಕಾಯಿ, ಸಸ್ಯಶಾಸ್ತ್ರದ ಪ್ರಕಾರ ಕರ್ಬೂಜದ ಜಾತಿಯದು. ಹೈದರಾಬಾದಿನಲ್ಲಿ ‘ದೋಸಕಾಯ’ ಎಂದರೆ ಹಳದಿ ಉಂಡೆ, ಪಪ್ಪಿಗೂ ಪಚಡಿಗೂ ಆಗುವಂಥದ್ದು. ಅದೂ ಕರ್ಬೂಜದ ಬಳಗ. ಎಳೆಸೌತೆ ಬೇಕಿದ್ದರೆ ‘ಕೀರ ದೋಸ’. ಚೆನ್ನೈಯ ‘ವೆಳ್ಳರಿಕ್ಕಾಯ್’ ಎಳೆಸೌತೆಯಾದರೆ ಕೇರಳದ ‘ವೆಳ್ಳರಿ’ ಸಾಮಾನ್ಯವಾಗಿ ಸಾಂಬಾರಿನದು. ಅದರ ಅಣ್ಣತಮ್ಮನೇ ಮಂಗಳೂರು ಸೌತೆ: ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗಿಹಾಕಿದರೆ ತಿಂಗಳುಗಟ್ಟಲೆ ಕೆಡದ ಕಾಯಿ.

ರಜೆಗೆ ಹೋದವರು ಊರಿನಿಂದ ಈ ಬೀಜವನ್ನು ಕಾಗದದಲ್ಲಿ ಸುತ್ತಿ ತರುವುದುಂಟು. ತಂದು, ಎಳೆಸೌತೆಯ ಪೊಟ್ಟಣ ನೋಡಿ ಒಂದಡಿಗೊಂದು ನೆಡುತ್ತಾರೆ. ಮಂಗಳೂರು ಸೌತೆ ಕರಾವಳಿಯಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ, ಬೇಸಗೆಯ ಬಿಸಿಲಿಗೆ, ನೆಲದ ಮೇಲೆ ಹಬ್ಬುವ ಬಳ್ಳಿ. ಒಂದೊಂದು ಕಾಯಿ ಕಿಲೋ ದಾಟುವುದುಂಟು. ಅದು ದಾರಕ್ಕೆ ಜೋತುಬಿದ್ದು ಬೆಳೆಯುವ ಪೈಕಿ ಅಲ್ಲ; ಅದಕ್ಕೆ ಮೀಟರಿನ ಲೆಕ್ಕವೇ ಸರಿ, ಹಾಗಾಗಿ ತಾರಸಿ ಇದ್ದವರಿಗೆ ಮಾತ್ರ ಸರಿ. ಅದೇ ಕರಾವಳಿಯ ಮುಳ್ಳುಸೌತೆ ನಿಜವಾದ ಸೌತೆ, ಆಸರೆ ಕಂಡರೆ ಹತ್ತುತ್ತದೆ. ಬಾಲ್ಕನಿಗೆ ತರುವುದಾದರೆ ಅದನ್ನೇ ತರಬಹುದು. (ಪುಣೆಯವರು ಹೆಮ್ಮೆಪಡಲು: ಎಳೆಯದರಲ್ಲಿ ತಿಳಿಬಣ್ಣಕ್ಕಿದ್ದು ಬಲಿತಾಗ ಕಂದಾಗುವ ‘ಪೂನಾ ಖೀರಾ’ ಎಂಬ ತಳಿಯ ಬೀಜ ಅಮೆರಿಕದಲ್ಲೂ ಮಾರಾಟಕ್ಕಿದೆ.) ಇವೆಲ್ಲಕ್ಕೂ ಒಂದೇ ಅಂತರ ಹೇಳುವ ಚಾರ್ಟು ಮೊದಲ ಸಾಲಿನಲ್ಲೇ ತಪ್ಪಿದಂತೆ.

ಹಾಗಾದರೆ ಚೀಲದಲ್ಲಿ, ಕುಂಡದಲ್ಲಿ ಎಷ್ಟು? ಇಲ್ಲಿ ಸೆಂಟಿಮೀಟರು ಬಿಟ್ಟು ಲೀಟರಿಗೆ ಬರುವುದು ಮೇಲು. 12 ಇಂಚು ಅಗಲ, 12 ಇಂಚು ಎತ್ತರದ ದುಂಡನೆಯ ಚೀಲದ ಒಳಗೆ ಹಿಡಿಯುವುದು ಸುಮಾರು 22 ಲೀಟರು. ಅಂಚಿನವರೆಗೆ ತುಂಬುವುದಿಲ್ಲವಾದ್ದರಿಂದ ಮಣ್ಣು 18 ಲೀಟರಷ್ಟು. ಕೋಕೊಪೀಟು, ಕಾಂಪೋಸ್ಟು ಬೆರೆಸಿದ ಮಣ್ಣಿನಿಂದ ಗಿಡಕ್ಕೆ ದಕ್ಕುವ ನೀರು ಅದರ ಕಾಲು ಭಾಗ ಎಂದು ಇಟ್ಟುಕೊಂಡರೂ ನಾಲ್ಕೂವರೆ ಲೀಟರು. ಕಾಯಿ ಬಿಡುವ ಹೊತ್ತಿನ ದೊಡ್ಡ ಬಳ್ಳಿಯೊಂದು ಬಿಸಿಲಿನ ದಿನ ಎರಡು ಲೀಟರು ಕುಡಿಯುವುದು ಸಾಮಾನ್ಯ. ಒಂದೇ ಬಳ್ಳಿ ಇದ್ದರೆ ಬೆಳಿಗ್ಗೆ ಹಾಕಿದ ನೀರು ಮರುದಿನ ಸಂಜೆಯವರೆಗೂ ಎಳೆದೀತು. ಎರಡಿದ್ದರೆ ಮರುದಿನ ಬೆಳಿಗ್ಗೆಗೆ ಮುಗಿಯಿತು. ನಾಲ್ಕಿದ್ದರೆ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಮನೆಯಲ್ಲಿ ಬಳ್ಳಿ ಬಾಡಿ ಜೋತುಬಿದ್ದಿರುತ್ತದೆ. ಇದು ಅಂದಾಜಿನ ಲೆಕ್ಕ. ಮೇ ತಿಂಗಳ ದೆಹಲಿಗೂ ಜುಲೈನ ಪುಣೆಗೂ ಒಂದೇ ಆಗದು. ಆದರೂ ದಿಕ್ಕು ತೋರಿಸಲು ಸಾಕು. 12 ಇಂಚಿನ ಚೀಲಕ್ಕೆ ಒಂದೇ ಬಳ್ಳಿ. 15 ಇಂಚಿನದಕ್ಕೆ, ಅದು 40 ಲೀಟರು ದಾಟುತ್ತದೆ, ಎರಡು. 9 ಇಂಚಿನದರಲ್ಲಿ ಹತ್ತು ಲೀಟರೂ ಇರುವುದಿಲ್ಲ, ಅದನ್ನು ಕೊತ್ತಂಬರಿಗೆ ಬಿಟ್ಟುಕೊಡುವುದು ಒಳ್ಳೆಯದು.

ಕಹಿಯ ಗುಟ್ಟೂ ಇಲ್ಲೇ ಇದೆ. ಸೌತೆಯ ಕಾಡು ಸಂಬಂಧಿ ಹಿಮಾಲಯದ ತಪ್ಪಲಿನಲ್ಲಿ ಇಂದಿಗೂ ಬೆಳೆಯುತ್ತದೆ, ಪುಟ್ಟ ಕಾಯಿ, ವಿಪರೀತ ಕಹಿ. ಆ ಕಹಿಯ ವಸ್ತುವಿಗೆ ಕುಕರ್ಬಿಟಾಸಿನ್ ಎಂದು ಹೆಸರು. ತಿನ್ನಲು ಬರುವ ಪ್ರಾಣಿಗಳಿಗೆ ಅದು ಬಳ್ಳಿ ಒಡ್ಡುವ ತಡೆ. ನಾಡಿನ ತಳಿಗಳಲ್ಲಿ ಇದು ಎಲೆ ಕಾಂಡಗಳಲ್ಲಿ ಉಳಿದು ಕಾಯಿಯಲ್ಲಿ ತಗ್ಗಿದೆ. ನೀರು ಒಮ್ಮೆ ಹೆಚ್ಚಿ ಒಮ್ಮೆ ಬತ್ತಿ, ಜೊತೆಗೆ ಸೆಕೆಯೂ ಏರಿ ಬಳ್ಳಿ ದಣಿದಾಗ ಕಾಯಿಗೂ ಇಳಿಯುತ್ತದೆ, ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಹೆಚ್ಚು. ಅಜ್ಜಿಯರು ತೊಟ್ಟಿನ ತುದಿ ಕತ್ತರಿಸಿ ಬಿಸಾಡುತ್ತಿದ್ದುದು ಸುಮ್ಮನೆ ಅಲ್ಲ. ನಾಲ್ಕು ಬಳ್ಳಿಯ ಚೀಲ ದಿನಕ್ಕೊಮ್ಮೆ ಬರಗಾಲವನ್ನೂ ದಿನಕ್ಕೊಮ್ಮೆ ನೆರೆಯನ್ನೂ ಕಾಣುತ್ತಿದ್ದರೆ ಕಹಿಯಾಗದೆ ಇನ್ನೇನಾದೀತು.

ಹೂ ಉದುರುವುದಕ್ಕೂ ಇಕ್ಕಟ್ಟಿಗೂ ನಂಟಿದೆ. ಸಾಮಾನ್ಯ ಸೌತೆಬಳ್ಳಿಯಲ್ಲಿ ಗಂಡುಹೂ, ಹೆಣ್ಣುಹೂ ಬೇರೆಬೇರೆ. ಮೊದಲ ವಾರ ಬರುವವು ಗಂಡು. ಅವು ಉದುರಲೇಬೇಕು, ಅದಕ್ಕೆ ಹೆದರುವುದು ಬೇಡ. ಹೆಣ್ಣುಹೂವಿನ ಹಿಂದೆ ಮುಳ್ಳುಮುಳ್ಳಿನ ಪುಟ್ಟ ಮಿಡಿ ಇರುತ್ತದೆ. ಬಳ್ಳಿಗಳು ದಟ್ಟವಾಗಿ, ಬಿಸಿಲಿಗೂ ಗೊಬ್ಬರಕ್ಕೂ ಪೈಪೋಟಿ ಬಿದ್ದಾಗ ಗಂಡುಹೂವಿನ ಪಾಲು ಏರುತ್ತದೆ, ಕಡು ಸೆಕೆಯಲ್ಲೂ ಹಾಗೆಯೇ. ಬಳ್ಳಿ ಹೆಚ್ಚಿದಷ್ಟೂ ಕಾಯಿ ಹೆಚ್ಚು ಎಂಬ ಲೆಕ್ಕ ತಿರುಗಿ ಬೀಳುವುದು ಹೀಗೆ. ಎರಡು ಬಳ್ಳಿ ಬೇಕೆನ್ನುವವರ ವಾದದಲ್ಲಿ ಒಂದಿಷ್ಟು ನಿಜ ಇದೆ: ಒಂದೇ ಬಳ್ಳಿಯಾದರೆ ಹೆಣ್ಣುಹೂ ಅರಳಿದ ದಿನ ಗಂಡುಹೂ ಇಲ್ಲದಿರಬಹುದು. ಅದಕ್ಕೆ ಎರಡು ಚೀಲದಲ್ಲಿ ಒಂದೊಂದು ಬಳ್ಳಿ ಬೆಳೆಸಿದರಾಯಿತು. ಜೇನು ಬಾರದ ಮಹಡಿಯಲ್ಲಿದ್ದರೆ ಬೆಳಿಗ್ಗೆ ಗಂಡುಹೂ ಕಿತ್ತು ಹೆಣ್ಣುಹೂವಿಗೆ ತಾಗಿಸಬೇಕು. ಪರಾಗ ಬೇಡದ, ಬೀಜವಿಲ್ಲದ ತಳಿಗಳೂ ಈಗ ಸಿಗುತ್ತವೆ, ದೆಹಲಿಯ ಪೂಸಾ ಸಂಸ್ಥೆಯದೂ ಒಂದಿದೆ. ಬೀಜದ ಬೆಲೆ ಮಾತ್ರ ಕೈ ಸುಡುತ್ತದೆ.

ಇನ್ನು ಗಾಳಿ. ಮುಂಬಯಿಯ ಮಳೆಗಾಲದಲ್ಲಿ ಎಲೆ ಒದ್ದೆಯಾಗಿಯೇ ಉಳಿದರೆ ಬೂಜುರೋಗ ಬರುತ್ತದೆ. ಎಲೆಯ ನರಗಳ ನಡುವೆ ಕೋನಕೋನವಾದ ಹಳದಿ ಮಚ್ಚೆ, ತಿರುಗಿಸಿದರೆ ಕೆಳಗೆ ಬೂದುಬಣ್ಣದ ನಯಿರು. ಬೂದಿರೋಗಕ್ಕೆ ಎಲೆ ಒದ್ದೆಯಾಗಲೇಬೇಕೆಂದಿಲ್ಲ. ಗಾಳಿ ಆಡದ ದಟ್ಟ ನೆರಳು, ತೇವದ ಹವೆ ಸಾಕು, ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡ ಬಾಲ್ಕನಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಎರಡಕ್ಕೂ ಸಿಂಪಡಣೆಗಳಿವೆ, ಆದರೆ ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲಿ ಔಷಧಿ ಹೊಡೆಯುವುದಕ್ಕಿಂತ ಬಳ್ಳಿಗಳ ನಡುವೆ ಕೈ ಆಡುವಷ್ಟು ಜಾಗ ಬಿಡುವುದು ಅಗ್ಗ. ಬಲೆಯ ಮೇಲೆ ಬಳ್ಳಿಯಿಂದ ಬಳ್ಳಿಗೆ ಒಂದೂವರೆ ಅಡಿ ಇರಲಿ. ಮಳೆ ಬಿಡದ ಊರಿನಲ್ಲಿ ಎರಡಡಿ ಆದರೂ ಹೆಚ್ಚಲ್ಲ. ಇಲ್ಲಿ ಅಳೆಯಬೇಕಾದ್ದು ಎಲೆಯಿಂದ ಎಲೆಗೆ. ಬುಡಗಳು ಬೇರೆಬೇರೆ ಚೀಲದಲ್ಲಿದ್ದ ಮೇಲೆ ಅವುಗಳ ನಡುವಿನ ಅಳತೆಗೆ ಅರ್ಥವಿಲ್ಲ.

ಇಷ್ಟೆಲ್ಲ ಲೆಕ್ಕ ಯಾಕೆ, ಮನೆತೋಟ ಇರುವುದು ಖುಷಿಗೆ, ಬೀಜಕ್ಕೆ ಕೊಟ್ಟದ್ದು ನಲವತ್ತೋ ಐವತ್ತೋ ರೂಪಾಯಿ, ಆರರಲ್ಲಿ ಎರಡು ಸತ್ತರೂ ನಾಲ್ಕು ಉಳಿದಾವು ಎನ್ನುವವರಿದ್ದಾರೆ. ಸೌತೆಯ ವಿಷಯದಲ್ಲಿ ಆರರಲ್ಲಿ ಎರಡು ಸಾಯುವುದಿಲ್ಲ. ಆರೂ ಅರೆಜೀವದಲ್ಲಿ ಉಳಿಯುತ್ತವೆ, ಅದೇ ಕಷ್ಟ. ಖುಷಿಯ ಮಾತಿಗೆ ಬಂದರೆ, ಪರವೂರಿನಲ್ಲಿರುವವರು ವರ್ಷಕ್ಕೆ ಒಂದೆರಡು ಸಲ, ದಸರೆಗೋ ಮದುವೆಗೋ ಊರಿಗೆ ಹೋಗುತ್ತಾರೆ. ನಾಲ್ಕು ಬಳ್ಳಿಯ ಚೀಲ ಬಿಟ್ಟು ಒಂದು ಹಗಲು ಆಚೆ ಹೋಗುವಂತಿಲ್ಲ. ಒಂಟಿ ಬಳ್ಳಿಯಾದರೆ, ನೀರಿನ ಚೀಲವೊಂದನ್ನು ಬತ್ತಿ ಹಾಕಿ ಪಕ್ಕಕ್ಕಿಟ್ಟು, ನೆರೆಮನೆಯವರಿಗೆ ಎರಡು ದಿನಕ್ಕೊಮ್ಮೆ ಬರಲು ಹೇಳಿ ಹೋಗಬಹುದು. ದಿನಕ್ಕೆರಡು ಸಲ ಬನ್ನಿ ಎಂದು ಯಾವ ನೆರೆಯವರಿಗೆ ಹೇಳುವುದು?

ಬೀಜ ಮಾರುವವರು ಇಷ್ಟನ್ನು ಅಚ್ಚು ಹಾಕಬಹುದು: ಈ ತಳಿ ಹತ್ತುವುದೋ, ಹರಿಯುವುದೋ, ಪೊದೆಯೋ; ನೆಲದಲ್ಲಾದರೆ ಯಾವುದರಿಂದ ಯಾವುದಕ್ಕೆ ಎಷ್ಟು; ಕುಂಡದಲ್ಲಾದರೆ ಒಂದು ಬಳ್ಳಿಗೆ ಎಷ್ಟು ಲೀಟರು ಮಣ್ಣು; ಪರಾಗ ಬೇಕೋ ಬೇಡವೋ. ನಾಲ್ಕು ಸಾಲು. ಈಗ ಅದೇ ಜಾಗದಲ್ಲಿ ಸೌತೆ ತಿಂದರೆ ಚರ್ಮಕ್ಕೆ ಎಷ್ಟು ಕಾಂತಿ ಎಂದು ಬರೆದಿರುತ್ತದೆ. ನಾಲ್ಕೈದು ಭಾಷೆಯಲ್ಲಿ ಅಚ್ಚು ಹಾಕುವ ಖರ್ಚು ಮಾಡುವವರು ಅನುವಾದಕರಿಗೆ ಮೂಲದ ಪೂರ್ತಿ ಮಾಹಿತಿ ಕೊಡುವುದೂ ಅಗತ್ಯ. ‘ಸ್ಪೇಸಿಂಗ್ 45’ ಎಂಬ ಎರಡು ಪದ ಕಳಿಸಿದರೆ ಕನ್ನಡದಲ್ಲಿ ವಿಭಕ್ತಿ ಎಲ್ಲಿಂದ ಬರಬೇಕು?

ಅಲ್ಲಿಯವರೆಗೆ ಕೆಲಸ ಬೆಳೆಯುವವರ ಕೈಯಲ್ಲೇ ಇದೆ, ಅದರಲ್ಲಿ ಕಷ್ಟದ್ದು ಒಂದೇ: ಸಸಿ ತೆಗೆಯುವುದು. ಚೆಲ್ಲಿ ಬಿತ್ತಿದ ರಾಗಿಹೊಲದಲ್ಲಿ ಕುಂಟೆ ಹೊಡೆದು ದಟ್ಟ ಪೈರನ್ನು ಬಿಡಿಸುವವರಿಗೆ ಇದರಲ್ಲಿ ಸಂಕಟವೇನೂ ಇಲ್ಲ. ಐದು ಸಸಿಯ ಬಾಲ್ಕನಿಯಲ್ಲಿ ಮಾತ್ರ ಪ್ರತಿಯೊಂದಕ್ಕೂ ಮುಖ ಬಂದಿರುತ್ತದೆ. ಹಾಗಾಗಿ ಮೊದಲೇ ಚೀಲಕ್ಕೆ ಎರಡೇ ಬೀಜ ಹಾಕುವುದು ಜಾಣತನ. ಎರಡೂ ಎದ್ದರೆ, ಬೀಜದೆಲೆಗಳ ನಡುವಿನಿಂದ ಎರಡನೆಯ ನಿಜವಾದ ಎಲೆ ಬಿಚ್ಚುವ ಹೊತ್ತಿಗೆ ಗಟ್ಟಿ ಯಾವುದೆಂದು ತಿಳಿಯುತ್ತದೆ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ, ಸೌತೆಗೆ ಬೇರು ಮುಟ್ಟಿದರೆ ಆಗದು. ಉಗುರು ಕತ್ತರಿಸುವ ಸಣ್ಣ ಕತ್ತರಿ ತೆಗೆದುಕೊಂಡು, ಸೋತದ್ದನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಅದೇ ಚೀಲದ ಮೇಲೆ ಹಾಕಿದರೆ ಆಯಿತು.